ತೂಕ ಇಳಿಸೋದು ಹೇಗೆ? ಅಂದಾಜು ಬಿಟ್ಟು ಅಳತೆ ಹಿಡಿದು ಮಾಡುವ ಮಾರ್ಗದರ್ಶಿ

ಒಂದು ಸಂಜೆ ಸುಮ್ನೆ ಕುತೂಹಲಕ್ಕೆ ಎಣ್ಣೆ ಬಾಟಲಿಯನ್ನು ಅಡುಗೆಮನೆ ತಕ್ಕಡಿ ಮೇಲಿಟ್ಟೆ. ಅಂಕಿ ಬರೆದುಕೊಂಡೆ. ದಿನಾ ಮಾಡುವ ಹಾಗೆಯೇ ನನ್ನೊಬ್ಬನಿಗೆ ಆಗುವಷ್ಟು ತರಕಾರಿ ಹುರಿದೆ. ಆಮೇಲೆ ಬಾಟಲಿಯನ್ನು ಮತ್ತೆ ತೂಗಿದೆ. 38 ಗ್ರಾಂ ಕಮ್ಮಿಯಾಗಿತ್ತು.

"ಒಂದೇ ಒಂದು ಚಮಚ ಎಣ್ಣೆ ಹಾಕ್ತೀನಿ" ಅಂತ ಎಲ್ಲರ ಹತ್ತಿರ ಹೇಳಿಕೊಂಡು ಬರುತ್ತಿದ್ದವನು ನಾನು. ಒಂದು ದೊಡ್ಡ ಚಮಚ ಎಣ್ಣೆ ಅಂದರೆ ಸುಮಾರು 14 ಗ್ರಾಂ, 120 ಕ್ಯಾಲೊರಿ ಚಿಲ್ಲರೆ. ನಾನು ಹಾಕಿದ್ದು ಹೆಚ್ಚುಕಮ್ಮಿ ಮೂರು ಚಮಚ, 340 ಕ್ಯಾಲೊರಿ. ಅಷ್ಟನ್ನು ಖರ್ಚು ಮಾಡಬೇಕಾದರೆ ನಾನು ಒಂದು ಗಂಟೆಗೂ ಮೀರಿ ಬಿರುಸಾಗಿ ನಡೆಯಬೇಕು. "ಇಷ್ಟು ಕಮ್ಮಿ ತಿಂದರೂ ಇಳೀತಿಲ್ಲವಲ್ಲ" ಎಂಬ ನನ್ನ ಗೋಳಿಗೆ ಅವತ್ತು ಅರ್ಧ ಉತ್ತರ ಸಿಕ್ಕಿತು.

ನಾನೊಬ್ಬನೇ ಹೀಗೆ ಅಂದುಕೊಳ್ಳಬೇಡಿ. ಏನು ಮಾಡಿದರೂ ತೂಕ ಇಳಿಯುತ್ತಿಲ್ಲ ಎನ್ನುತ್ತಿದ್ದ ಕೆಲವರನ್ನು ಅಮೆರಿಕದ ಸಂಶೋಧಕರು ಕರೆದು ಪರೀಕ್ಷಿಸಿದರು. 1992ರಲ್ಲಿ ಅದರ ವರದಿ ಬಂತು. ಅವರ ದೇಹ ಶಕ್ತಿ ಖರ್ಚು ಮಾಡುವ ರೀತಿ ಸರಿಯಾಗಿಯೇ ಇತ್ತು. ಆದರೆ ತಾವು ತಿಂದದ್ದನ್ನು ಅವರು ಸರಾಸರಿ 47% ಕಮ್ಮಿ ಹೇಳಿದ್ದರು, ಓಡಾಟವನ್ನು 51% ಜಾಸ್ತಿ ಹೇಳಿದ್ದರು. ಅವರಿಗೆ ನಿಜಕ್ಕೂ ಹಾಗೇ ಅನಿಸಿತ್ತು. ಅಂದಾಜು ಅನ್ನೋದೇ ಹಾಗೆ, ಯಾವಾಗಲೂ ನಮ್ಮ ಪರವಾಗಿಯೇ ಮಾತಾಡುತ್ತದೆ.

ಅದಕ್ಕೇ ಈ ಬರಹದಲ್ಲಿ ಅಳತೆಯ ಮಾತು ಜಾಸ್ತಿ. ಜೀವನಪೂರ್ತಿ ತೂಗಿಕೊಂಡು ತಿನ್ನಬೇಕು ಅಂತೇನಿಲ್ಲ. ಕಣ್ಣು ಪಳಗುವ ತನಕ ತೂಗಿದರೆ ಸಾಕು.

ಮೊದಲು ಡಾಕ್ಟರ್ ಹತ್ತಿರ ಹೋಗಬೇಕಾದವರು

ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, 18 ದಾಟದವರು, ಹಿಂದೆ ಊಟ ಬಿಡುವ ಅಥವಾ ತಿಂದು ವಾಂತಿ ಮಾಡುವ ಕಾಯಿಲೆ ಇದ್ದವರು ಇದನ್ನು ಓದಿ ತಾವಾಗಿಯೇ ಶುರು ಮಾಡಬಾರದು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಊಟ ಕಡಿಮೆ ಮಾಡಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಔಷಧಿಯ ಪ್ರಮಾಣವನ್ನು ಡಾಕ್ಟರೇ ಬದಲಿಸಬೇಕಾಗುತ್ತದೆ. ಹೃದಯ, ಕಿಡ್ನಿ, ಕೀಲುಗಳ ತೊಂದರೆ ಇದ್ದವರೂ ಮೊದಲು ಕೇಳಿಕೊಳ್ಳಿ. ಥೈರಾಯ್ಡ್ ಕಮ್ಮಿ ಇದ್ದರೆ, ಪಿಸಿಒಎಸ್ (ಹೆಂಗಸರಲ್ಲಿ ಹಾರ್ಮೋನ್ ಏರುಪೇರಾಗಿ ಅಂಡಾಶಯಕ್ಕೆ ಬರುವ ತೊಂದರೆ) ಇದ್ದರೆ, ಸ್ಟಿರಾಯ್ಡ್ ಅಥವಾ ಕೆಲವು ಮಾನಸಿಕ ಔಷಧಿ ತೆಗೆದುಕೊಳ್ಳುತ್ತಿದ್ದರೆ ತೂಕ ಏರುವುದು ಸುಲಭ, ಇಳಿಯುವುದು ಕಷ್ಟ. ಹಾಗಂತ ಔಷಧಿಯನ್ನು ನೀವಾಗಿಯೇ ನಿಲ್ಲಿಸಬೇಡಿ.

ಮೊದಲ ಎರಡು ವಾರ: ಏನನ್ನೂ ಬದಲಿಸಬೇಡಿ

ಇದನ್ನು ಹೇಳಿದರೆ ಯಾರೂ ಒಪ್ಪುವುದಿಲ್ಲ. ನಾಳೆಯಿಂದಲೇ ಎಲ್ಲ ಬಿಟ್ಟುಬಿಡುವ ಹುಮ್ಮಸ್ಸಿನಲ್ಲಿ ಇರುತ್ತಾರೆ. ಆ ಹುಮ್ಮಸ್ಸು ಹತ್ತು ದಿನಕ್ಕೆ ಖಾಲಿಯಾಗುತ್ತದೆ. ಅದನ್ನು ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈ ಎರಡು ವಾರ ಯಾವಾಗಲೂ ತಿನ್ನುವುದನ್ನೇ ತಿನ್ನಿ, ಆದರೆ ಎಲ್ಲವನ್ನೂ ಬರೆಯಿರಿ. ಪುಸ್ತಕ ಆಗಬಹುದು, ಫೋನ್ ಆಗಬಹುದು. ಒಂದು ಅಡುಗೆಮನೆ ತಕ್ಕಡಿ ಇರಲಿ. ಏನು ತಿಂದಿರಿ, ಎಷ್ಟು ಗ್ರಾಂ, ಎಷ್ಟು ಹೊತ್ತಿಗೆ, ಆಗ ಹಸಿವಾಗಿತ್ತೋ ಇಲ್ಲವೋ. ಈ ಕೊನೆಯ ಕಾಲಂ ಬಹಳ ಮುಖ್ಯ. ನನ್ನ ಪುಸ್ತಕದಲ್ಲಿ ಸಂಜೆ ಐದರಿಂದ ಏಳರ ನಡುವೆ ತಿಂದ ಎಲ್ಲದರ ಮುಂದೂ "ಇಲ್ಲ" ಎಂದಿತ್ತು. ಹಸಿವೇ ಇರಲಿಲ್ಲ. ಕೆಲಸ ಮುಗಿಸಿದ ಸುಸ್ತು, ಪಕ್ಕದಲ್ಲಿ ಬಿಸ್ಕತ್ತಿನ ಡಬ್ಬಿ, ಅಷ್ಟೆ. ಡಬ್ಬಿ ಜಾಗ ಬದಲಾಯಿಸಿದ ಮೇಲೆ ಅರ್ಧ ತಿನ್ನುವುದು ತಾನಾಗಿಯೇ ನಿಂತಿತು.

ಬರೆಯುವಾಗ ಜನ ಬಿಟ್ಟುಬಿಡುವುದು ಮೂರು: ಎಣ್ಣೆ, ಕುಡಿದದ್ದು, ಮಕ್ಕಳ ತಟ್ಟೆಯಲ್ಲಿ ಉಳಿದದ್ದು. ಅಡುಗೆ ಮಾಡುತ್ತಾ ರುಚಿ ನೋಡಿದ್ದೂ ಲೆಕ್ಕಕ್ಕೆ ಬರಬೇಕು. ತೂಗುವಾಗ ಇನ್ನೊಂದು ಎಚ್ಚರ: ಒಣ ಅಕ್ಕಿಯ 100 ಗ್ರಾಂ ಬೇರೆ, ಬೆಂದ ಅನ್ನದ 100 ಗ್ರಾಂ ಬೇರೆ. ಮೊದಲನೆಯದರಲ್ಲಿ ಸುಮಾರು 350 ಕ್ಯಾಲೊರಿ, ಎರಡನೆಯದರಲ್ಲಿ ಸುಮಾರು 130. ನೀರು ಕುಡಿದು ಉಬ್ಬಿದ್ದಷ್ಟೇ ವ್ಯತ್ಯಾಸ. ಇದನ್ನು ಅದಲುಬದಲು ಮಾಡಿದರೆ ಇಡೀ ಲೆಕ್ಕ ಹಳ್ಳ ಹಿಡಿಯುತ್ತದೆ.

ಲೆಕ್ಕ ಹಾಕುವುದು

ದೇಹ ಸುಮ್ಮನೆ ಮಲಗಿದ್ದರೂ ಶಕ್ತಿ ಬೇಕು. ಅದನ್ನು ಅಂದಾಜು ಮಾಡಲು 1990ರಲ್ಲಿ ಬಂದ ಮಿಫ್ಲಿನ್-ಸೇಂಟ್ ಜಿಯೋರ್ ಸೂತ್ರ ಈಗಲೂ ಹೆಚ್ಚು ಬಳಕೆಯಲ್ಲಿದೆ. ಕೆಜಿ ತೂಕವನ್ನು 10ರಿಂದ ಗುಣಿಸಿ. ಸೆಂಟಿಮೀಟರ್ ಎತ್ತರವನ್ನು 6.25ರಿಂದ ಗುಣಿಸಿ ಅದಕ್ಕೆ ಕೂಡಿಸಿ. ವಯಸ್ಸನ್ನು 5ರಿಂದ ಗುಣಿಸಿ ಕಳೆಯಿರಿ. ಗಂಡಸರಾದರೆ 5 ಕೂಡಿಸಿ, ಹೆಂಗಸರಾದರೆ 161 ಕಳೆಯಿರಿ.

72 ಕೆಜಿ, 160 ಸೆಂ.ಮೀ., 40 ವರ್ಷದ ಹೆಂಗಸನ್ನು ತೆಗೆದುಕೊಳ್ಳಿ. 720, ಅದಕ್ಕೆ 1000 ಕೂಡಿದರೆ 1720. 200 ಕಳೆದರೆ 1520, 161 ಕಳೆದರೆ 1359. ದಿನವಿಡೀ ಕೂತೇ ಇರುವವರಾದರೆ ಇದನ್ನು 1.2ರಿಂದ, ವಾರದಲ್ಲಿ ಕೆಲವು ದಿನ ನಡೆಯುವವರಾದರೆ 1.375ರಿಂದ ಗುಣಿಸಬೇಕು. ಅಂದರೆ ಸುಮಾರು 1630ರಿಂದ 1870. ಅನುಮಾನ ಇದ್ದರೆ ಕಡಿಮೆಯ ಅಂಕಿಯನ್ನೇ ಹಿಡಿಯಿರಿ. ಓಡಾಟದ ವಿಷಯದಲ್ಲಿ ನಮ್ಮ ಅಂದಾಜಿನ ಕತೆ ಆಗಲೇ ಹೇಳಿದೆನಲ್ಲ.

ಇದರಿಂದ 300ರಿಂದ 500 ಕ್ಯಾಲೊರಿ ಕಮ್ಮಿ ಮಾಡಿದರೆ ಸಾಕು. ದೇಹದ ಒಂದು ಕೆಜಿ ಕೊಬ್ಬಿನಲ್ಲಿ ಸುಮಾರು 7700 ಕ್ಯಾಲೊರಿ ಇರುತ್ತದೆ. ದಿನಕ್ಕೆ 500ರಂತೆ ಕಳೆದರೆ ಶುರುವಿನಲ್ಲಿ ವಾರಕ್ಕೆ ಅರ್ಧ ಕೆಜಿ ಹತ್ತಿರ ಇಳಿಯಬಹುದು. ಆದರೆ ಇದೇ ವೇಗ ವರ್ಷವಿಡೀ ಇರುವುದಿಲ್ಲ. ದೇಹ ಸಣ್ಣದಾದಂತೆ ಅದರ ಖರ್ಚೂ ಕಮ್ಮಿಯಾಗುತ್ತದೆ.

ಡಾಕ್ಟರ್ ನಿಗಾ ಇಲ್ಲದೆ ಹೆಂಗಸರು 1200ಕ್ಕಿಂತ, ಗಂಡಸರು 1500ಕ್ಕಿಂತ ಕೆಳಗೆ ಹೋಗಬೇಡಿ. ತೀರಾ ಬೇಗ ಇಳಿಸಿದವರಿಗೆ ಪಿತ್ತಕೋಶದ ಕಲ್ಲು ಆಗುವ ಸಂಭವ ಜಾಸ್ತಿ, ಜೊತೆಗೆ ಮಾಂಸಖಂಡವೂ ಕರಗುತ್ತದೆ.

ಗುರಿ ಎಷ್ಟಿರಬೇಕು? ಈಗಿನ ತೂಕದ 5ರಿಂದ 10% ಮೊದಲ ಗುರಿಯಾಗಿರಲಿ. 72 ಕೆಜಿಗೆ ಅದು 3.6ರಿಂದ 7.2 ಕೆಜಿ. ಕೇಳಲು ಸಪ್ಪೆ. ಆದರೆ ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ ಮೂರು ಸಾವಿರಕ್ಕೂ ಹೆಚ್ಚು ಜನರ ಮೇಲೆ ಅಮೆರಿಕದಲ್ಲಿ ಒಂದು ದೊಡ್ಡ ಪ್ರಯೋಗ ನಡೆದು 2002ರಲ್ಲಿ ಫಲಿತಾಂಶ ಬಂತು. 7% ತೂಕ ಇಳಿಸುವುದು, ವಾರಕ್ಕೆ 150 ನಿಮಿಷ ನಡೆಯುವಂಥ ವ್ಯಾಯಾಮ ಮಾಡುವುದು, ಒಂದು ಗುಂಪಿಗೆ ಕೊಟ್ಟ ಗುರಿ ಇಷ್ಟೇ. ಆ ಗುಂಪಿನಲ್ಲಿ ಕಾಯಿಲೆ ಬರುವುದು 58% ಕಮ್ಮಿಯಾಯಿತು. ಮೆಟ್‌ಫಾರ್ಮಿನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆ ಕೊಟ್ಟ ಗುಂಪಿನಲ್ಲಿ 31%.

ತಟ್ಟೆಯನ್ನು ಬದಲಿಸುವುದು

ಎಲ್ಲವನ್ನೂ ಒಟ್ಟಿಗೆ ಬದಲಿಸಬೇಡಿ. ವಾರಕ್ಕೆ ಒಂದು ಸಾಕು. ನಾನು ಹೇಳುವ ಕ್ರಮ ಹೀಗಿದೆ.

ಮೊದಲು ಎಣ್ಣೆಗೆ ಅಳತೆ ಚಮಚ. ರುಚಿ ಕೆಡದೆ ಇಷ್ಟು ಸುಲಭಕ್ಕೆ 200 ಕ್ಯಾಲೊರಿ ಉಳಿಯುವ ಜಾಗ ಇನ್ನೊಂದಿಲ್ಲ. ಕೊಬ್ಬಿನ ಒಂದು ಗ್ರಾಂನಲ್ಲಿ 9 ಕ್ಯಾಲೊರಿ, ಪಿಷ್ಟ ಮತ್ತು ಪ್ರೋಟೀನಿನಲ್ಲಿ 4. ಯಾವ ಎಣ್ಣೆಯಾದರೂ ಇದೇ ಲೆಕ್ಕ, ಬಾಟಲಿ ಮೇಲೆ "ಹೃದಯಕ್ಕೆ ಒಳ್ಳೆಯದು" ಅಂತ ಬರೆದಿದ್ದರೂ.

ಆಮೇಲೆ ಕುಡಿಯುವುದು. 330 ಮಿಲಿ ಕೋಲಾದಲ್ಲಿ ಸುಮಾರು 35 ಗ್ರಾಂ ಸಕ್ಕರೆ, ಅಂದರೆ ಎಂಟರಿಂದ ಒಂಬತ್ತು ಚಿಕ್ಕ ಚಮಚ. ಅಷ್ಟು ಸಕ್ಕರೆಯನ್ನು ಲೋಟದ ನೀರಿಗೆ ಹಾಕಿ ಕುಡಿ ಅಂದರೆ ಯಾರೂ ಕುಡಿಯಲ್ಲ, ಅಲ್ವಾ? ಜ್ಯೂಸ್ ಕೂಡ ಇದರ ಅಣ್ಣತಮ್ಮನೇ. ಹಣ್ಣನ್ನು ಕಚ್ಚಿ ತಿನ್ನಿ. ಚಹಾ, ಕಾಫಿಗೆ ಹಾಕುವ ಸಕ್ಕರೆಯನ್ನು ವಾರಕ್ಕೆ ಕಾಲು ಚಮಚದಂತೆ ಇಳಿಸಿ, ನಾಲಿಗೆಗೆ ಗೊತ್ತೇ ಆಗುವುದಿಲ್ಲ. ಮದ್ಯದ ಒಂದು ಗ್ರಾಂನಲ್ಲಿ 7 ಕ್ಯಾಲೊರಿ, ಜೊತೆಗೆ ನಂಚಿಕೊಳ್ಳುವುದು ಬೇರೆ.

ಮೂರನೆಯದು ಪ್ರೋಟೀನ್. ಇದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಊಟ ಕಮ್ಮಿ ಮಾಡಿದಾಗ ದೇಹ ಕೊಬ್ಬಿನ ಜೊತೆ ಮಾಂಸಖಂಡವನ್ನೂ ಮುರಿದು ಬಳಸುತ್ತದೆ. ಸಾಕಷ್ಟು ಪ್ರೋಟೀನ್ ತಿಂದು, ಭಾರ ಎತ್ತುವ ವ್ಯಾಯಾಮ ಮಾಡಿದರೆ ಆ ನಷ್ಟ ಕಮ್ಮಿ. ಹೊಟ್ಟೆ ತುಂಬಿದ ಹಾಗೆ ಇರುವುದೂ ಪ್ರೋಟೀನಿನಿಂದಲೇ ಜಾಸ್ತಿ. ತೂಕ ಇಳಿಸುವಾಗ ಕೆಜಿಗೆ 1.2ರಿಂದ 1.6 ಗ್ರಾಂ ಸಾಕಾಗುತ್ತದೆ. ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳಿಯೇ ಮುಂದುವರಿಯಿರಿ. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಬೆಂದ ಕಾಳು 100 ಗ್ರಾಂನಲ್ಲಿ 8-9 ಗ್ರಾಂ, ಬೆಂದ ಕೋಳಿ ಎದೆ ಮಾಂಸ 100 ಗ್ರಾಂನಲ್ಲಿ ಸುಮಾರು 30 ಗ್ರಾಂ. ಸಸ್ಯಾಹಾರಿಗಳಿಗೆ ಇಲ್ಲೇ ತಾಪತ್ರಯ. ಬೇಳೆ ಬೇಯಿಸಿದ ನೀರಿನಂಥ ಸಾರಿನಲ್ಲಿ ಬೇಳೆಯೇ ಇರುವುದಿಲ್ಲ. ಗಟ್ಟಿ ಬೇಳೆ, ಇಡೀ ಕಾಳು, ಸೋಯಾ, ತೋಫು, ಗಟ್ಟಿ ಮೊಸರು ಇವುಗಳಲ್ಲಿ ಒಂದಾದರೂ ಪ್ರತಿ ಊಟದಲ್ಲಿ ಇರಬೇಕು.

ನಾಲ್ಕನೆಯದು ತಟ್ಟೆಯ ಅರ್ಧ ತರಕಾರಿ. ಉಳಿದರ್ಧದಲ್ಲಿ ಅರ್ಧ ಪ್ರೋಟೀನ್, ಅರ್ಧ ಅನ್ನವೋ ಬ್ರೆಡ್ಡೋ ನಿಮಗೆ ಬೇಕಾದದ್ದು. ಮೊದಲು ತರಕಾರಿ ಬಡಿಸಿಕೊಳ್ಳಿ. ಅನ್ನವನ್ನು ಕೊನೆಗೆ. ಕ್ರಮ ಬದಲಿಸಿದರೆ ಜಾಗವೇ ಉಳಿಯುವುದಿಲ್ಲ, ಇದನ್ನು ನಾನು ಬಹಳ ತಡವಾಗಿ ಕಲಿತೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು-ತರಕಾರಿ. ಒಂದು ದಿನ ತೂಗಿ ನೋಡಿ. ನಾವು ತಿನ್ನುವುದು ಅದರ ಅರ್ಧವೂ ಇರುವುದಿಲ್ಲ.

ಕೊನೆಯದು ಪ್ಯಾಕೆಟ್ ತಿಂಡಿ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಮತ್ತು ಜೊತೆಗಾರರು 20 ಜನರನ್ನು ನಾಲ್ಕು ವಾರ ತಮ್ಮಲ್ಲೇ ಇರಿಸಿಕೊಂಡು ಊಟ ಕೊಟ್ಟರು. ಎರಡು ವಾರ ಕಾರ್ಖಾನೆಯಲ್ಲಿ ತಯಾರಾದ ಆಹಾರ, ಎರಡು ವಾರ ಸಾದಾ ಆಹಾರ. ಎರಡರಲ್ಲೂ ಬಡಿಸಿದ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು ಸರಿಸಮ. ಬೇಕಾದಷ್ಟು ತಿನ್ನಿ ಎಂದರು. ಕಾರ್ಖಾನೆ ಆಹಾರದ ದಿನಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದರು, ಎರಡೇ ವಾರಕ್ಕೆ ಒಂದು ಕೆಜಿ ಹತ್ತಿರ ಏರಿದರು. 2019ರಲ್ಲಿ ಪ್ರಕಟವಾದ ಇದನ್ನು ಓದಿದ ಮೇಲೆ ಚಿಪ್ಸ್ ಪ್ಯಾಕೆಟ್ ಖಾಲಿಯಾದಾಗ ನನ್ನನ್ನು ನಾನು ಬೈದುಕೊಳ್ಳುವುದನ್ನು ಬಿಟ್ಟೆ. ಮನೆಗೆ ತರುವುದನ್ನೂ ಬಿಟ್ಟೆ.

ಇನ್ನು ಅನ್ನ ಬಿಡಬೇಕಾ, ಕೊಬ್ಬು ಬಿಡಬೇಕಾ ಎಂಬ ಜಗಳ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 609 ಜನರನ್ನು ಎರಡು ಗುಂಪು ಮಾಡಿ ಒಂದು ವರ್ಷ ನೋಡಿದರು. ಕೊಬ್ಬು ಕಮ್ಮಿ ಮಾಡಿದವರು ಸರಾಸರಿ 5.3 ಕೆಜಿ, ಪಿಷ್ಟ ಕಮ್ಮಿ ಮಾಡಿದವರು 6 ಕೆಜಿ ಇಳಿದರು. ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಹೊತ್ತು ನೋಡಿ ಉಪವಾಸ ಮಾಡುವುದೂ ಅಷ್ಟೆ, ಅದರಿಂದ ನಿಮ್ಮ ಒಟ್ಟು ಊಟ ಕಮ್ಮಿಯಾದರೆ ಕೆಲಸ ಮಾಡುತ್ತದೆ. ಯಾವುದನ್ನು ಎರಡು ವರ್ಷ ಆದ ಮೇಲೂ ಮಾಡಿಕೊಂಡು ಹೋಗಬಲ್ಲಿರೋ ಅದನ್ನು ಆರಿಸಿ. ದೇಹದ ಕಲ್ಮಶ ತೆಗೆಯುವ ಪಾನೀಯ, ಹೊಟ್ಟೆ ಕರಗಿಸುವ ಬೆಲ್ಟು ಇವಕ್ಕೆಲ್ಲ ಒಂದು ಸಾಲೂ ವ್ಯರ್ಥ ಮಾಡುವುದಿಲ್ಲ.

ಕಾಲಿಗೆ ಕೆಲಸ

ಬರೀ ವ್ಯಾಯಾಮದಿಂದ ತೂಕ ಇಳಿಸಲು ಹೊರಟವರಿಗೆ ನಿರಾಸೆ ಖಚಿತ. 70 ಕೆಜಿಯವರು ಅರ್ಧ ಗಂಟೆ ಬಿರುಸಾಗಿ ನಡೆದರೆ ಖರ್ಚಾಗುವುದು ಸುಮಾರು 150 ಕ್ಯಾಲೊರಿ. ಮೂರು ಬಿಸ್ಕತ್ತಿಗೆ ಅದು ವಾಪಸ್. ಹಾಗಾದರೆ ಯಾಕೆ ಮಾಡಬೇಕು? ಮಾಂಸಖಂಡ ಉಳಿಯಲು, ಬಿಪಿ ಮತ್ತು ಸಕ್ಕರೆ ಹತೋಟಿಗೆ ಬರಲು, ಎಲ್ಲಕ್ಕಿಂತ ಹೆಚ್ಚಾಗಿ ಇಳಿದ ತೂಕ ಮತ್ತೆ ಏರದಿರಲು. 13 ಕೆಜಿಗೂ ಹೆಚ್ಚು ಇಳಿಸಿ ಒಂದು ವರ್ಷಕ್ಕೂ ಮೇಲೆ ಹಾಗೇ ಉಳಿಸಿಕೊಂಡ ಸಾವಿರಾರು ಜನರ ದಾಖಲೆಯೊಂದು ಅಮೆರಿಕದಲ್ಲಿ 1994ರಿಂದ ನಡೆಯುತ್ತಿದೆ. ಅದರಲ್ಲಿ ಸುಮಾರು 90% ಜನ ದಿನಕ್ಕೆ ಸರಾಸರಿ ಒಂದು ಗಂಟೆ ವ್ಯಾಯಾಮ ಮಾಡುತ್ತಾರೆ.

ನಡಿಗೆಯಿಂದ ಶುರು ಮಾಡಿ. ಮೊದಲ ವಾರ ಊಟ ಆದ ಮೇಲೆ ಹತ್ತು ನಿಮಿಷ. ಪ್ರತಿ ವಾರ ಐದೈದು ನಿಮಿಷ ಏರಿಸಿ. ವೇಗ ಎಷ್ಟಿರಬೇಕು ಎಂದರೆ, ಮಾತಾಡಲು ಆಗಬೇಕು, ಹಾಡಲು ಆಗಬಾರದು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆ ವಾರಕ್ಕೆ 150ರಿಂದ 300 ನಿಮಿಷ ಇಂಥ ಓಡಾಟ, ಜೊತೆಗೆ ಎರಡು ದಿನ ಶಕ್ತಿ ಬೇಡುವ ವ್ಯಾಯಾಮ. ಅಂದಹಾಗೆ, ಈ "10,000 ಹೆಜ್ಜೆ" ಬಂದದ್ದು ಯಾವ ಸಂಶೋಧನೆಯಿಂದಲೂ ಅಲ್ಲ. 1960ರ ದಶಕದಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರು ಅದು. ಈಗ 3000 ನಡೆಯುತ್ತಿದ್ದರೆ 5000 ಮಾಡಿ, ಅದೇ ದೊಡ್ಡದು.

ಶಕ್ತಿಯ ವ್ಯಾಯಾಮಕ್ಕೆ ಜಿಮ್ ಬೇಕೇಬೇಕು ಅಂತಿಲ್ಲ. ಗಟ್ಟಿ ಕುರ್ಚಿಯೊಂದನ್ನು ಗೋಡೆಗೆ ಒತ್ತಿ ಇಡಿ, ಜಾರಬಾರದು. ಅಂಚಿಗೆ ಕೂತು ಪಾದಗಳನ್ನು ಭುಜದಷ್ಟು ಅಗಲ ಇಟ್ಟುಕೊಳ್ಳಿ. ಕೈ ಎದೆ ಮೇಲೆ ಕಟ್ಟಿ, ಸ್ವಲ್ಪ ಮುಂದೆ ಬಾಗಿ, ಹಿಮ್ಮಡಿ ಒತ್ತಿ ಎದ್ದು ನಿಲ್ಲಿ. ಈಗ ಅಸಲಿ ಕೆಲಸ: ಕೂರುವಾಗ ಮೂರು ಎಣಿಸುತ್ತಾ ನಿಧಾನಕ್ಕೆ ಇಳಿಯಿರಿ. ಧೊಪ್ಪನೆ ಬಿದ್ದರೆ ಲೆಕ್ಕಕ್ಕಿಲ್ಲ. ಮಂಡಿಗಳು ಒಳಗೆ ವಾಲದೆ ಕಾಲ್ಬೆರಳಿನ ದಿಕ್ಕಿಗೇ ಇರಲಿ. ಎಂಟು ಸಲ ಮಾಡಿ ಎರಡು ನಿಮಿಷ ಕೂತು ಮತ್ತೆ ಎಂಟು. ನನಗೆ ಮೊದಲ ದಿನ ಆರನೆಯದಕ್ಕೇ ತೊಡೆ ನಡುಗಿತ್ತು, ಮರುದಿನ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದಿದ್ದೆ. ಹನ್ನೆರಡು ಸುಲಭವಾದಾಗ ಕೈಯಲ್ಲಿ ನೀರಿನ ಬಾಟಲಿ ಹಿಡಿಯಿರಿ, ಆಮೇಲೆ ಪುಸ್ತಕ ತುಂಬಿದ ಬ್ಯಾಗು.

ಇದರ ಜೊತೆ ಗೋಡೆಗೆ ಕೈಕೊಟ್ಟು ಪುಶ್-ಅಪ್, ಬಾಗಿ ಬ್ಯಾಗನ್ನು ಹೊಟ್ಟೆ ಕಡೆಗೆ ಎಳೆಯುವುದು, ಅಂಗಾತ ಮಲಗಿ ಸೊಂಟ ಎತ್ತುವುದು. ನಾಲ್ಕು ಸಾಕು, ವಾರಕ್ಕೆ ಎರಡು ದಿನ, ಮಧ್ಯೆ ಬಿಡುವು ಇರಲಿ. ಎದೆ ನೋವು, ತಲೆ ಸುತ್ತು, ವಿಪರೀತ ಏದುಸಿರು ಬಂದರೆ ತಕ್ಷಣ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ. ಹೊಟ್ಟೆಯ ವ್ಯಾಯಾಮದಿಂದ ಹೊಟ್ಟೆಯ ಕೊಬ್ಬಷ್ಟೇ ಕರಗುವುದಿಲ್ಲ. ಎಲ್ಲಿಂದ ಕರಗಬೇಕು ಅನ್ನೋದನ್ನು ದೇಹ ನಮ್ಮನ್ನು ಕೇಳಿ ನಿರ್ಧರಿಸಲ್ಲ.

ನಿದ್ದೆ ಬಗ್ಗೆ ಎರಡೇ ಮಾತು. ಆರೂವರೆ ಗಂಟೆಗಿಂತ ಕಮ್ಮಿ ಮಲಗುತ್ತಿದ್ದ, ತೂಕ ಜಾಸ್ತಿ ಇದ್ದವರಿಗೆ ನಿದ್ದೆಯನ್ನು ಒಂದು ಗಂಟೆ ಚಿಲ್ಲರೆ ಹೆಚ್ಚಿಸಿದಾಗ, ಊಟದ ಬಗ್ಗೆ ಏನೂ ಹೇಳದಿದ್ದರೂ ದಿನಕ್ಕೆ ಸುಮಾರು 270 ಕ್ಯಾಲೊರಿ ಕಮ್ಮಿ ತಿಂದರು ಎಂದು 2022ರ ಅಧ್ಯಯನವೊಂದು ತೋರಿಸಿತು. ರಾತ್ರಿ ಫೋನ್ ಬದಿಗಿಟ್ಟರೆ ಅದಕ್ಕಿಂತ ಸುಲಭದ ಡಯಟ್ ಇಲ್ಲ.

ತಕ್ಕಡಿ ಮೇಲೆ ನಿಂತಾಗ

ಮೊದಲ ವಾರ ಎರಡು ಕೆಜಿ ಇಳಿದರೆ ಕುಣಿಯಬೇಡಿ. ದೇಹ ಗ್ಲೈಕೋಜನ್ ಎಂಬ ಪಿಷ್ಟವನ್ನು ಕೂಡಿಟ್ಟುಕೊಂಡಿರುತ್ತದೆ, ಅದರ ಪ್ರತಿ ಗ್ರಾಂ ಜೊತೆ ಸುಮಾರು 3 ಗ್ರಾಂ ನೀರು. ಊಟ ಕಮ್ಮಿಯಾದಾಗ ಅದು ಖರ್ಚಾಗುತ್ತದೆ, ನೀರು ಹೋಗುತ್ತದೆ. ಒಂದು ಮದುವೆ ಊಟದ ಮರುದಿನ ಒಂದೂವರೆ ಕೆಜಿ ಏರಿದರೂ ಅದೇ ಕತೆ, ಹೆದರಬೇಡಿ.

ದಿನಾ ಬೆಳಿಗ್ಗೆ ಶೌಚ ಆದ ಮೇಲೆ, ಏನೂ ಕುಡಿಯುವ ಮುಂಚೆ ತೂಗಿ, ಆದರೆ ವಾರದ ಸರಾಸರಿಯನ್ನು ಮಾತ್ರ ನಂಬಿ. ಒಂದು ವಾರ ಹೀಗೆ ಬಂತು ಅನ್ನಿ: 72.4, 72.9, 71.8, 72.6, 73.1, 72.2, 72.0. ಮುಂದಿನ ವಾರ: 72.6, 71.9, 72.3, 71.5, 72.0, 71.4, 71.8. ಭಾನುವಾರ 72.0 ಇದ್ದದ್ದು ಸೋಮವಾರ 72.6 ಆದಾಗ "ಇದೆಲ್ಲ ದಂಡ" ಎನಿಸುತ್ತದೆ. ಸರಾಸರಿ ತೆಗೆದರೆ 72.4ರಿಂದ 71.9ಕ್ಕೆ, ಅರ್ಧ ಕೆಜಿ ಇಳಿದಿದೆ. ಮುಟ್ಟಿನ ದಿನಗಳ ಸುತ್ತ ಹೆಂಗಸರಿಗೆ ನೀರು ನಿಲ್ಲುವುದರಿಂದ, ಕಳೆದ ತಿಂಗಳ ಅದೇ ವಾರದ ಜೊತೆ ಹೋಲಿಸಿ ನೋಡುವುದು ಸರಿ. ದಿನಾ ಅಂಕಿ ನೋಡಿದರೆ ಮನಸ್ಸು ಕೆಡುವವರು ತಕ್ಕಡಿ ಬಿಟ್ಟು ಟೇಪು ಹಿಡಿಯಿರಿ. ಸೊಂಟದ ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಮ್ಮಿ ಇರಬೇಕು. 160 ಸೆಂ.ಮೀ. ಎತ್ತರಕ್ಕೆ 80ರ ಒಳಗೆ.

ಮೂರ್ನಾಲ್ಕು ವಾರ ಸರಾಸರಿ ಅಲ್ಲಾಡದಿದ್ದರೆ ಎರಡು ಕಾರಣ. ಒಂದು, ಅಳತೆ ಸಡಿಲವಾಗಿದೆ. ಇದೇ ಹೆಚ್ಚು. ಒಂದು ವಾರ ಮತ್ತೆ ಎಲ್ಲವನ್ನೂ ತೂಗಿ ಬರೆಯಿರಿ. ಎರಡು, ಲೆಕ್ಕ ಹಳೆಯದಾಗಿದೆ. 72ರಿಂದ 64ಕ್ಕೆ ಬಂದವರಿಗೆ ಅದೇ ಸೂತ್ರದಲ್ಲಿ ದಿನಕ್ಕೆ 100 ಕ್ಯಾಲೊರಿಯಷ್ಟು ಕಮ್ಮಿ ಸಾಕು. ಜೊತೆಗೆ ತಿಂಗಳುಗಟ್ಟಲೆ ಕಮ್ಮಿ ತಿಂದ ದೇಹ ಗೊತ್ತಿಲ್ಲದೆ ಓಡಾಟವನ್ನೂ ತಗ್ಗಿಸುತ್ತದೆ. ಹೆಜ್ಜೆಗಳ ಲೆಕ್ಕ ನೋಡಿದರೆ ಗೊತ್ತಾಗುತ್ತದೆ. ದಣಿದಿದ್ದರೆ ಎರಡು ವಾರ ಇಳಿಸುವ ಕೆಲಸ ನಿಲ್ಲಿಸಿ, ಈಗಿನ ತೂಕಕ್ಕೆ ಬೇಕಾದಷ್ಟು ತಿಂದು, ಮತ್ತೆ ಶುರು ಮಾಡಿ.

ಒಂದು ದಿನ ವಿಪರೀತ ತಿಂದಿರಾ? ಮರುದಿನ ಉಪವಾಸ ಬೇಡ, ಎರಡು ಗಂಟೆ ಓಟವೂ ಬೇಡ. ಮುಂದಿನ ಊಟವನ್ನು ಮಾಮೂಲಿ ಅಳತೆಗೆ ತನ್ನಿ. ಆರು ತಿಂಗಳು ಶ್ರದ್ಧೆಯಿಂದ ಮಾಡಿಯೂ ಏನೂ ಆಗದಿದ್ದರೆ, ಅಥವಾ ತೂಕ ತೀರಾ ಜಾಸ್ತಿ ಇದ್ದರೆ ಡಾಕ್ಟರನ್ನು ಕಾಣಿ. ಈಗ ಒಳ್ಳೆಯ ಔಷಧಿಗಳಿವೆ. ಅವನ್ನು ಬಿಟ್ಟ ಮೇಲೆ ತೂಕ ಬಹುಮಟ್ಟಿಗೆ ಮರಳುತ್ತದೆ ಎಂಬುದೂ ಗೊತ್ತಿರಲಿ.

ಇಳಿದ ಮೇಲೆ

ಗುರಿ ಮುಟ್ಟಿದ ದಿನವೇ ಹಳೆಯ ಊಟಕ್ಕೆ ಮರಳಬೇಡಿ. ಪ್ರತಿ ವಾರ ದಿನದ ಊಟವನ್ನು 100 ಕ್ಯಾಲೊರಿಯಂತೆ ಏರಿಸುತ್ತಾ, ಸರಾಸರಿ ತೂಕ ನಿಂತಲ್ಲಿ ನಿಲ್ಲಿಸಿ. ನಡಿಗೆ, ಕುರ್ಚಿಯ ವ್ಯಾಯಾಮ ಹಾಗೇ ಇರಲಿ. ಬರೆಯುವುದನ್ನು ಬಿಡಬಹುದು, ಆದರೆ ವಾರಕ್ಕೊಮ್ಮೆಯಾದರೂ ತೂಗಿ. ಒಂದು ಗಡಿಯನ್ನು ಮೊದಲೇ ಗೊತ್ತು ಮಾಡಿಕೊಳ್ಳಿ, ಅದನ್ನು ದಾಟಿದ ದಿನ ಪುಸ್ತಕ ಮತ್ತು ತಕ್ಕಡಿ ವಾಪಸ್ ಬರಬೇಕು.

ನನ್ನ ಗಡಿ ಎರಡು ಕೆಜಿ. ಇಲ್ಲಿಯವರೆಗೆ ಎರಡು ಸಲ ದಾಟಿದ್ದೇನೆ. ಎರಡು ಸಲವೂ ಮೊದಲು ತೂಗಿದ್ದು ಎಣ್ಣೆ ಬಾಟಲಿಯನ್ನು. ಒಂದು ಸಲ 29 ಗ್ರಾಂ, ಇನ್ನೊಂದು ಸಲ 33.